ಸೇವಾವಧಿಯ ಪದಕ ಏನನ್ನು ಅಳೆಯುತ್ತದೆ?

ಕಲಬುರಗಿ ಸೀಮೆಯಲ್ಲಿ ಹಳೆಯ ಕೆರೆ, ರಸ್ತೆ, ಸೇತುವೆಗಳ ಪ್ರಸ್ತಾಪ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: “ಆಗಿನ ಸಾಹೇಬರು ಕಟ್ಟಿದ್ದು ಇನ್ನೂ ಗಟ್ಟಿ ಅದ, ಈಗಿನವರದು ಒಂದು ಮಳಿಗಾಲ ತಡಿಯಂಗಿಲ್ಲ.” 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಂಥ ಸಂದರ್ಭಗಳಲ್ಲಿ ಈ ಮಾತಿಗೆ ಬಲ ಹೆಚ್ಚು. ಕಟ್ಟೆಯ ಮೇಲೆ ಕೂತವರು ಆಡಿದರೆ ಅದೊಂದು ನಿಟ್ಟುಸಿರು, ಅದರ ಬಗ್ಗೆ ನನ್ನ ತಕರಾರಿಲ್ಲ. ಓದಿದವರು ಇದೇ ಮಾತನ್ನು ತರ್ಕದ ರೂಪದಲ್ಲಿ ಮುಂದಿಡುತ್ತಾರೆ, ಗೊಂದಲ ಇರುವುದು ಅಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಸೈನಿಕ ಇಂಜಿನಿಯರು ಇಪ್ಪತ್ತು, ಮೂವತ್ತು ವರ್ಷ ಒಂದೇ ಸೇವೆಯಲ್ಲಿ ನಿಂತ. ಆ ನಿಷ್ಠೆಗೆ ಸೈನ್ಯ ಅವನಿಗೆ ದೀರ್ಘ ಸೇವೆಯ ಪದಕ ಕೊಟ್ಟಿತು. ಆದ್ದರಿಂದ ಅವನ ಕೆಲಸ ಉಳಿಯಿತು. ಇಂದಿನ ಇಂಜಿನಿಯರನಿಗೆ ನಿಷ್ಠೆಯೂ ಇಲ್ಲ, ಅದನ್ನು ಗುರುತಿಸುವ ಪದ್ಧತಿಯೂ ಇಲ್ಲ. ಆದ್ದರಿಂದ ಅವನ ಕೆಲಸ ಉಳಿಯುತ್ತಿಲ್ಲ. ವಾದದ ಸರಪಳಿ ಹೀಗಿದೆ.

ಇದನ್ನು ಬಿಚ್ಚುವ ಮೊದಲು ಇದರಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಳ್ಳಬೇಕು. ಒಂದು ನೆಲದ ಮಣ್ಣು, ಮಳೆ, ಜನ ಗೊತ್ತಾಗಲು ವರ್ಷಗಳು ಬೇಕು. ವರ್ಷ ತುಂಬುವ ಮೊದಲೇ ವರ್ಗಾವಣೆಯ ಅರ್ಜಿ ಹಿಡಿದು ಓಡಾಡುವ ಅಧಿಕಾರಿಯಿಂದ ಎರೆಮಣ್ಣಿನ ಗುಣ ತಿಳಿಯುವ ಕೆಲಸ ಆಗದು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಕಪ್ಪು ನೆಲದ ಮೇಲೆ ರಸ್ತೆ ಹಾಕುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ವ್ಯವಸ್ಥೆ ತನ್ನ ಕೆಲಸಗಾರನನ್ನು ಗುರುತಿಸಿದರೆ ಅವನಿಗೆ ಹುರುಪು ಬರುವುದೂ ನಿಜ. ಹತ್ತೊಂಬತ್ತನೆಯ ಶತಮಾನದ ಹಲವು ಕಾಮಗಾರಿಗಳು ಇಂದಿಗೂ ಬಳಕೆಯಲ್ಲಿರುವುದಂತೂ ಕಣ್ಣಿಗೆ ಕಾಣುವ ಸಂಗತಿ. ಆದರೆ ಈ ಮೂರು ನಿಜಗಳನ್ನು ಸೇರಿಸಿದ ಮಾತ್ರಕ್ಕೆ ಮೇಲಿನ ನಿರ್ಣಯ ಹುಟ್ಟುವುದಿಲ್ಲ. ನಡುವೆ ಪದಕವೆಂಬ ಕೊಂಡಿಯೊಂದಿದೆ. ಅದನ್ನು ಎತ್ತಿ ನೋಡಿದವರು ಕಡಿಮೆ.

ಮೊದಲು ವಸ್ತುವನ್ನೇ ನೋಡೋಣ. ಬ್ರಿಟಿಷ್ ಸೈನ್ಯದ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕವನ್ನು ಸ್ಥಾಪಿಸಿದ್ದು 1830ರಲ್ಲಿ, ನಾಲ್ಕನೆಯ ವಿಲಿಯಂ ದೊರೆಯ ಕಾಲಕ್ಕೆ. ಬೆಳ್ಳಿಯದು, ಆಗಿನ ರೂಪಾಯಿಗಿಂತ ಸ್ವಲ್ಪ ಅಗಲ, ಕಡುಗೆಂಪು ರಿಬ್ಬನ್ನು. ವಿಕ್ಟೋರಿಯಾ ಕಾಲದುದ್ದಕ್ಕೂ ಅದರ ಮುಂಭಾಗದಲ್ಲಿ ರಾಣಿಯ ಮುಖ ಕೂಡ ಇರಲಿಲ್ಲ. ಆಯುಧ, ಬಾವುಟಗಳ ರಾಶಿ, ಅದರ ನಡುವೆ ರಾಜಲಾಂಛನದ ಗುರಾಣಿ, ಅಷ್ಟೇ. ಹಿಂಭಾಗದಲ್ಲಿ ದೀರ್ಘ ಸೇವೆಗೆ ಮತ್ತು ಸನ್ನಡತೆಗೆ ಎಂಬ ಬರಹ. ದಪ್ಪ ಅಂಚಿನ ಸುತ್ತ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ. ಅವನು ಯಾವ ಸೇತುವೆ ಕಟ್ಟಿದ, ಯಾವ ಸುರಂಗ ತೋಡಿದ, ಯಾವ ಊರಲ್ಲಿದ್ದ ಎಂಬುದರ ಸುಳಿವು ಇಡೀ ಪದಕದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಕಂಡರಿಸಿದವರ ಮರೆವು ಎಂದುಕೊಳ್ಳಬೇಡಿ. ಪದಕದ ನಿಯಮವೇ ಅದನ್ನು ಕೇಳುತ್ತಿರಲಿಲ್ಲ. ನಿಯಮ ಕೇಳುತ್ತಿದ್ದ ಸಂಗತಿಗಳು ಮೂರು:

1. ವರ್ಷಗಳ ಎಣಿಕೆ. ಆರಂಭದಲ್ಲಿ ಕಾಲ್ದಳದವನಿಗೆ 21 ವರ್ಷ, ಕುದುರೆದಳದವನಿಗೆ 24 ವರ್ಷ. 1870ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಅಂದರೆ 1869ರಲ್ಲಿ ಹತ್ತೊಂಬತ್ತು ವರ್ಷದ ಸೇವೆ ಮುಗಿಸಿ ಮನೆಗೆ ಹೋದವನಿಗೆ ಪದಕವಿಲ್ಲ, ಎರಡು ವರ್ಷ ತಡವಾಗಿ ಸೈನ್ಯ ಸೇರಿ ಅಷ್ಟೇ ದುಡಿದವನಿಗೆ ಉಂಟು.

2. ಶುಭ್ರವಾದ ನಡತೆಯ ದಾಖಲೆ. ಕುಡಿತ, ಗೈರುಹಾಜರಿ, ಮೇಲಿನವರಿಗೆ ಎದುರುತ್ತರ ಇವು ಪಡೆಯ ಶಿಕ್ಷಾ ಪುಸ್ತಕದಲ್ಲಿ ಏರಿರಬಾರದು. ಸನ್ನಡತೆ ಎಂದರೆ ಇಷ್ಟೇ. ಮಾಡಿದ್ದರ ಪಟ್ಟಿಯನ್ನು ನೋಡುತ್ತಿರಲಿಲ್ಲ, ಮಾಡದೆ ಇದ್ದುದರ ಪಟ್ಟಿಯನ್ನು ನೋಡುತ್ತಿದ್ದರು.

3. ದರ್ಜೆ. ಪದಕ ಇದ್ದದ್ದು ಸಿಪಾಯಿಗಳಿಗೆ, ಕಾರ್ಪೊರಲ್, ಸಾರ್ಜೆಂಟ್ ಮಟ್ಟದವರಿಗೆ. ಅಧಿಕಾರಿ ಎಷ್ಟು ವರ್ಷ ದುಡಿದರೂ ಅದಕ್ಕೆ ಅರ್ಹನಲ್ಲ.

ಮೂರನೆಯ ಅಂಶದ ಮುಂದೆ ಸ್ವಲ್ಪ ನಿಲ್ಲಬೇಕು, ಜನಪ್ರಿಯ ವಾದ ಮೊದಲು ಮುರಿಯುವುದು ಇಲ್ಲಿಯೇ. ನಾವು ಇಂಜಿನಿಯರು ಎಂದು ಕರೆಯುವವನು, ನಕ್ಷೆ ಬರೆದು, ಮಟ್ಟ ಹಿಡಿದು, ಅಂದಾಜು ಪಟ್ಟಿ ತಯಾರಿಸಿ ಕೆಲಸ ಮಾಡಿಸುತ್ತಿದ್ದವನು, ಬಹುಮಟ್ಟಿಗೆ ಅಧಿಕಾರಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲೆಂಡಿನ ಆಡಿಸ್ಕೊಂಬ್‌ನಲ್ಲಿ ಓದಿ ಮದ್ರಾಸ್, ಮುಂಬಯಿ, ಬಂಗಾಳ ಇಂಜಿನಿಯರ್ಸ್ ಪಡೆಗಳಿಗೆ ಬರುತ್ತಿದ್ದ. 1862ರಲ್ಲಿ ಆ ಪಡೆಗಳು ರಾಯಲ್ ಇಂಜಿನಿಯರ್ಸ್‌ನಲ್ಲಿ ಸೇರಿಹೋದವು. ಬೆಂಗಳೂರಿನ ಅಠಾರ ಕಚೇರಿಗೆ ನಕ್ಷೆ ಹಾಕಿದ, ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿ ಈ ಸಾಲಿನವನು. ಅವನಿಗೆ ಬಿರುದುಗಳು ಬಂದವು, ಸರ್ ಎನಿಸಿಕೊಂಡ. ದೀರ್ಘ ಸೇವೆಯ ಪದಕ ಬರಲು ಸಾಧ್ಯವೇ ಇರಲಿಲ್ಲ. ಆ ಪದಕ ಎದೆಯ ಮೇಲಿದ್ದ ಇಂಜಿನಿಯರ್ ಪಡೆಯವನು ಎಂದರೆ ಕಲ್ಲು ಒಡೆಸಿದ, ಮದ್ದು ಇಟ್ಟ, ಮರ ಕೊಯ್ದ, ದೋಣಿ ಸೇತುವೆ ಹಾಸಿದ ಸ್ಯಾಪರ್. ಅವನ ಕೆಲಸ ಚಿಕ್ಕದು ಎನ್ನುತ್ತಿಲ್ಲ. ಸೇತುವೆಯ ವಿನ್ಯಾಸ ಚೆನ್ನಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಅವನ ಪದಕದಲ್ಲಿ ಉತ್ತರವಿಲ್ಲ ಎನ್ನುತ್ತಿದ್ದೇನೆ. ಇನ್ನು ಆ ಸ್ಯಾಪರ್ ನಮ್ಮವನೇ ಆಗಿದ್ದರೆ? ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ 1834ರಿಂದ ಬೆಂಗಳೂರಿನಲ್ಲಿತ್ತು. ಅದರ ಸಿಪಾಯಿಗಳೆಲ್ಲ ದಕ್ಷಿಣದವರು. ಚೀನಾ, ಬರ್ಮಾ, ಅಬಿಸೀನಿಯಾಗಳವರೆಗೆ ಹೋಗಿ ಬಂದವರು. ಗೋರಾ ಸಿಪಾಯಿಗೆ 1830ರಲ್ಲೇ ಬಂದ ಈ ಬಗೆಯ ಪದಕ ಭಾರತೀಯ ಸಿಪಾಯಿಗೆ ದೊರೆತದ್ದು 1888ರಲ್ಲಿ. ಅದಕ್ಕೆ ಮೊದಲು 1837ರಿಂದ ಸುಬೇದಾರ, ಜಮಾದಾರರ ದೀರ್ಘ ಸೇವೆಗೆ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ಎಂಬ ಬಿರುದಿತ್ತು, ಸರ್ದಾರ್ ಬಹಾದ್ದೂರ್ ಎಂಬ ಪದವಿಯೂ ಅದರ ಜೊತೆ ಇತ್ತು. ಆದರೆ ಬರಿ ಸಿಪಾಯಿಗೆ ಅದು ದಕ್ಕುವಂಥದ್ದಲ್ಲ. ಹಾಗಾದರೆ 1880ರಲ್ಲಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತನಾದ ಸ್ಯಾಪರ್‌ನ ಮನೆಯಲ್ಲಿ ಪದಕವಿಲ್ಲ ಎಂಬುದರಿಂದ ಅವನ ಬಗ್ಗೆ ಏನನ್ನಾದರೂ ಊಹಿಸಬಹುದೇ? ನಿಯಮ ಬರೆದವರ ಬಗ್ಗೆ ಊಹಿಸಬಹುದು, ಅಷ್ಟೇ.

ಈಗ ನಮ್ಮ ಸೀಮೆಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ನಿಜಾಮನ ರಾಜ್ಯದ ಊರುಗಳು. ಬ್ರಿಟಿಷ್ ಸೈನ್ಯದ ಇಂಜಿನಿಯರ್ ಪಡೆಯ ಅಧಿಕಾರಿಗಳು ಇಲ್ಲಿ ಬೀಡುಬಿಟ್ಟು ಕಟ್ಟಿದ್ದು ಹೆಚ್ಚೇನಿಲ್ಲ. ಹಾಗಿದ್ದೂ ಇಲ್ಲಿಯವರು ಸಾಹೇಬ ಎಂದಾಗ ಕಣ್ಣ ಮುಂದೆ ಬರುವ ಒಬ್ಬ ವ್ಯಕ್ತಿ ಇದ್ದಾನೆ: ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ವಯಸ್ಸಿಗೆ ಮುಂಬಯಿಯ ವ್ಯಾಪಾರಿಯೊಬ್ಬನ ಗುಮಾಸ್ತನಾಗಲು ಹಡಗು ಹತ್ತಿದ. ಬಂದು ನೋಡಿದರೆ ಅಂಗಡಿ ಮುಳುಗುವ ಸ್ಥಿತಿಯಲ್ಲಿತ್ತು. 1824ರಲ್ಲಿ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. 1860ರವರೆಗೆ ಅದೇ ಸೇವೆ. ಒಟ್ಟು 36 ವರ್ಷ. ಅವನು ಯಾವ ಇಂಜಿನಿಯರಿಂಗ್ ಶಾಲೆಗೂ ಹೋದವನಲ್ಲ. ಮೋಜಣಿ, ಕಟ್ಟಡ ವಿದ್ಯೆ, ಕಾನೂನು, ಭೂವಿಜ್ಞಾನ ಎಲ್ಲವನ್ನೂ ತಾನೇ ಕಲಿತುಕೊಂಡ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನು ಇದ್ದ ಮನೆ. ಆಮೇಲೆ ನಳದುರ್ಗ ಜಿಲ್ಲೆ, ಅಂದರೆ ಆಳಂದದಿಂದ ಉತ್ತರಕ್ಕೆ ಉಮರ್ಗಾ ದಾಟಿದರೆ ಸಿಗುವ ಸೀಮೆ. ಅದಾದ ಮೇಲೆ ವಿದರ್ಭ.

ದೀರ್ಘ ಸೇವೆಗೆ ಪದಕ ಎಂಬ ತರ್ಕ ಸರಿಯಿದ್ದರೆ ಈ ಮನುಷ್ಯ ಅದರ ಮೊದಲ ಉದಾಹರಣೆಯಾಗಬೇಕಿತ್ತು. ಅಧಿಕಾರಿಯಾದ್ದರಿಂದ ಸಿಪಾಯಿಗಳ ಪದಕ ಅವನಿಗಿಲ್ಲ. ನಿಜಾಮನ ಸೇವೆಯವನಾದ್ದರಿಂದ ಕಂಪನಿಯ ಖಾಸಾ ಅಧಿಕಾರಿಗಳಿಗಿದ್ದ ಸ್ಥಾನಮಾನವೂ ಇಲ್ಲ. ಕೊನೆಗೆ ಅವನಿಗೆ ಸ್ಟಾರ್ ಆಫ್ ಇಂಡಿಯಾದ ಕಂಪ್ಯಾನಿಯನ್ ದರ್ಜೆಯ ಬಿರುದು ಬಂತು, 1869ರಲ್ಲಿ. ಇಲ್ಲಿ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಅವನು ನಿವೃತ್ತನಾದದ್ದು 1860; ಆ ಬಿರುದಿನ ವರ್ಗ ಸ್ಥಾಪನೆಯಾದದ್ದು 1861; ಕಂಪ್ಯಾನಿಯನ್ ದರ್ಜೆ ಸೇರಿದ್ದು 1866. ಅಂದರೆ ಅವನು ಸುರಪುರದಲ್ಲಿ ಕೆರೆ ಏರಿಯ ಮೇಲೆ ನಿಂತಿದ್ದಾಗ ಆ ಬಿರುದು ಭೂಮಿಯ ಮೇಲೆಯೇ ಇರಲಿಲ್ಲ. ಪದಕದ ಆಸೆ ಕೆಲಸ ಮಾಡಿಸುತ್ತದೆ ಎಂಬ ವಾದಕ್ಕೆ ಇವನ ವೃತ್ತಿಜೀವನದಲ್ಲಿ ನೆಲೆಯೇ ಸಿಗದು.

ಹಾಗಾದರೆ ಅವನ ಕೆಲಸವನ್ನು ಅಳೆಯುವುದು ಹೇಗೆ? ಜೇವರ್ಗಿ ಇದಕ್ಕೆ ಒಳ್ಳೆಯ ಜಾಗ. ಭೀಮಾ ದಂಡೆಯ ಫಿರೋಜಾಬಾದಿನ ಹತ್ತಿರ, ಜೇವರ್ಗಿಯ ಬಯಲಿನಲ್ಲಿದ್ದ ಕಲ್ಲುವೃತ್ತಗಳನ್ನೂ ಕಲ್ಲುಗುಪ್ಪೆಗಳನ್ನೂ ಟೇಲರ್ ಅಗೆಸಿದ. ಆಗಿನ ಕಾಲದ ಸಾಮಾನ್ಯ ರೂಢಿ ಎಂದರೆ ನಡುವೆ ಗುಂಡಿ ತೋಡಿ ಕೈಗೆ ಸಿಕ್ಕ ಮಡಕೆ, ಈಟಿಗಳನ್ನು ಎತ್ತಿಕೊಂಡು ಹೋಗುವುದು. ಇವನು ಹಾಗೆ ಮಾಡಲಿಲ್ಲ. ಮೇಲಿನ ಕಲ್ಲು, ಅದರ ಕೆಳಗಿನ ಮಣ್ಣಿನ ಪದರಗಳು, ಅದರ ಕೆಳಗೆ ಅಸ್ಥಿಪಂಜರ ಮಲಗಿದ್ದ ಮಟ್ಟ, ಬೇರೆಯಾಗಿ ಬಿದ್ದಿದ್ದ ತಲೆಬುರುಡೆಗಳು, ಮಡಕೆಗಳು ಇದ್ದ ಮೂಲೆ ಇವನ್ನೆಲ್ಲ ಅಡ್ಡಛೇದ ನಕ್ಷೆಯಾಗಿ ಬರೆದಿಟ್ಟ. ಮಟ್ಟ ಹಿಡಿದು ಏರಿಯ ಅಡ್ಡಕೊಯ್ತ ಬರೆಯುವ ಇಂಜಿನಿಯರನ ಕೈ ಗೋರಿಯನ್ನೂ ಹಾಗೆಯೇ ಬರೆಯಿತು. ಈ ವರದಿಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಪ್ರಕಟಣೆಯಲ್ಲೂ ಬಂದವು. ಅವನು ಅವುಗಳಿಗೆ ಕೊಟ್ಟ ವಿವರಣೆ ಮಾತ್ರ ಪೂರಾ ತಪ್ಪು. ಯುರೋಪಿನ ಕೆಲ್ಟರು, ಸಿಥಿಯನ್ನರು, ಅವರ ಪುರೋಹಿತರಾದ ಡ್ರೂಯಿಡರು ಇಲ್ಲಿಗೂ ಬಂದಿದ್ದರು, ಬೇರೆಯಾದ ತಲೆಗಳು ನರಬಲಿಯ ಗುರುತು ಎಂಬ ಊಹೆ ಅವನದು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಮೇಲೆ ಇಂಥ ಗೋರಿಗಳು ದಕ್ಷಿಣದ ಕಬ್ಬಿಣಯುಗದವು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಕೆಲ್ಟರ ಕತೆಯನ್ನು ಇವತ್ತು ಯಾರೂ ಎತ್ತುವುದಿಲ್ಲ. ಆದರೆ ಟೇಲರನ ನಕ್ಷೆಯನ್ನು ಇಂದಿಗೂ ತೆರೆದು ನೋಡುತ್ತಾರೆ. ಅಭಿಪ್ರಾಯ ಬಿದ್ದುಹೋದ ಮೇಲೂ ಅಳತೆ ನಿಂತಿತು. ಒಬ್ಬ ಇಂಜಿನಿಯರನ ಗುಣವನ್ನು ಕಂಡುಹಿಡಿಯಲು ಇದಕ್ಕಿಂತ ಕಠಿಣವಾದ, ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ತೋಚುತ್ತಿಲ್ಲ: ನೀನು ಬರೆದಿಟ್ಟದ್ದನ್ನು, ನಿನ್ನ ಮಾತನ್ನು ಒಪ್ಪದವನೂ ಬಳಸಿಕೊಳ್ಳಬಹುದೇ? ಈ ಪರೀಕ್ಷೆಯಲ್ಲಿ ಸೇವೆಯ ವರ್ಷ ಎಷ್ಟು ಎಂಬ ಕಲಮಿಲ್ಲ, ನಡತೆಯ ಕಲಮೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬಲವಾದದ್ದೇ. ಟೇಲರ್ ಅಷ್ಟು ಮಾಡಿದ್ದು ಸುರಪುರದಲ್ಲಿ ಹನ್ನೆರಡು ವರ್ಷ ಊರಿ ನಿಂತದ್ದರಿಂದಲ್ಲವೇ? ಅಂದ ಮೇಲೆ ದೀರ್ಘ ಸೇವೆಗೂ ಒಳ್ಳೆಯ ಕೆಲಸಕ್ಕೂ ಸಂಬಂಧ ಇದ್ದೇ ಇದೆಯಲ್ಲ? ಇದೆ. ಆದರೆ ಯಾವ ದೀರ್ಘತೆ ಎಂದು ಕೇಳಬೇಕು. ಒಂದೇ ಜಾಗದಲ್ಲಿ ದೀರ್ಘವಾಗಿ ಇರುವುದು ಒಂದು. ಒಬ್ಬನೇ ಧಣಿಯ ಕೆಳಗೆ ದೀರ್ಘವಾಗಿ ಇರುವುದು ಇನ್ನೊಂದು. ಪದಕ ಎಣಿಸುತ್ತಿದ್ದುದು ಎರಡನೆಯದನ್ನು. ಸ್ಯಾಪರ್‌ನ ಇಪ್ಪತ್ತೊಂದು ವರ್ಷ ಮೂರು ಖಂಡಗಳಲ್ಲಿ, ಹತ್ತು ದಂಡುಗಳಲ್ಲಿ ಹಂಚಿಹೋಗಿರಬಹುದು. ಪದಕಕ್ಕೆ ಅದರಿಂದ ಬಾಧೆಯಿಲ್ಲ. ನೆಲದ ತಿಳಿವಳಿಕೆ ಬರುವುದು ಮೊದಲನೆಯದರಿಂದ. ಅದನ್ನು ಎಣಿಸುವ ಪದಕವನ್ನು ವಿಕ್ಟೋರಿಯಾಳ ಸೈನ್ಯವೂ ಮಾಡಲಿಲ್ಲ, ನಮ್ಮ ಸರಕಾರಗಳೂ ಮಾಡಿಲ್ಲ. ಇಂದಿನ ಇಂಜಿನಿಯರನೂ ಮೂವತ್ತು ವರ್ಷ ಒಂದೇ ಇಲಾಖೆಯಲ್ಲಿ ಇರುತ್ತಾನೆ ಎಂಬುದನ್ನು ಮರೆಯಬಾರದು; ಸೇವಾವಧಿಯ ಲೆಕ್ಕದಲ್ಲಿ ಅವನು ಯಾವ ಸ್ಯಾಪರ್‌ಗೂ ಕಡಿಮೆಯಲ್ಲ. ಕಡಿಮೆ ಬೀಳುವುದು ಒಂದು ತಾಲ್ಲೂಕಿನಲ್ಲಿ ಅವನು ಕಳೆಯುವ ಮಳೆಗಾಲಗಳು. ಕಲ್ಯಾಣ ಕರ್ನಾಟಕದ ಹುದ್ದೆಯನ್ನು ಶಿಕ್ಷೆಯೆಂದು ಬಗೆದು ಬರುವವರಿಗೆ ಪದಕ ತೋರಿಸಿ ಪ್ರಯೋಜನವೇನು?

ಸನ್ನಡತೆಯ ಮಾತನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ನಡತೆ ಒಳ್ಳೆಯದು ಎಂದು ಬರೆಯುವ ಕೈ ಯಾವಾಗಲೂ ಧಣಿಯದು. ಟೇಲರ್ ಅಕ್ಷರ ಕಲಿಸಿ, ಆಡಳಿತ ತಿಳಿಸಿ ಬೆಳೆಸಿದ ವೆಂಕಟಪ್ಪ ನಾಯಕ 1858ರಲ್ಲಿ ಕಂಪನಿಯ ವಿರುದ್ಧ ಎದ್ದ; ಸೆರೆಸಿಕ್ಕ; ಶಿಕ್ಷೆಯನ್ನು ಇಳಿಸಿ ಅವನನ್ನು ಚೆಂಗಲ್ಪಟ್ಟಿನ ಕೋಟೆಗೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲಿ ಗುಂಡಿನಿಂದ ಸತ್ತ. ಕಂಪನಿಯ ಕಡತದಲ್ಲಿ ಅದು ದುರ್ನಡತೆ. ನಮ್ಮ ಪಠ್ಯಪುಸ್ತಕದಲ್ಲಿ ಸ್ವಾತಂತ್ರ್ಯ ಹೋರಾಟ. ಟೇಲರ್ ಈ ಹುಡುಗನನ್ನು ಮಗನಂತೆ ಕಂಡವನು, ಅವನ ಸಾವಿಗೆ ಮರುಗಿದವನು. ಆದರೂ ರಾಜ ಹೋದ ಮೇಲೆ ಸುರಪುರದ ವ್ಯವಸ್ಥೆ ನೋಡಿಕೊಳ್ಳಲು ಸರಕಾರ ಕಳಿಸಿದ್ದು ಅವನನ್ನೇ, ಅವನು ಬಂದ. ಇದು ಸನ್ನಡತೆಯೋ? ಧಣಿಯ ದೃಷ್ಟಿಯಲ್ಲಿ ಸಂಶಯವಿಲ್ಲ. ಬೇರೆ ದೃಷ್ಟಿಯಲ್ಲಿ ನೋಡಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನನ್ನ ಮಾತು ಇಷ್ಟು: ಅವನು ವಿಸ್ತರಿಸಿದ ಬೋನಾಳದ ಕೆರೆ ನೀರು ಹಿಡಿಯಿತೋ ಇಲ್ಲವೋ ಎಂಬ ಪ್ರಶ್ನೆಗೂ ಈ ಪ್ರಶ್ನೆಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ಬಿಲ್ಲೆಯ ಮೇಲೆ ಅಚ್ಚೊತ್ತಿದ್ದು ಆ ಪದಕದ ಚಾತುರ್ಯ.

ಬೋನಾಳದ ಹೆಸರು ಬಂದದ್ದರಿಂದ, ಕಟ್ಟಿದವರು ಯಾರು ಎಂಬುದನ್ನೂ ಕೇಳಿಬಿಡೋಣ. ಈಗ ಪಕ್ಷಿಧಾಮವಾಗಿರುವ ಆ ಕೆರೆ ಸುರಪುರದ ನಾಯಕರ ಕಾಲದ್ದು. ಟೇಲರ್ ಮಾಡಿದ್ದು ಅದನ್ನು ಹಿಗ್ಗಿಸಿ ಗಟ್ಟಿಗೊಳಿಸುವ ಕೆಲಸ. ದಖ್ಖನ್ನಿನ ಉದ್ದಗಲಕ್ಕೂ ಕೆರೆಯ ಮಣ್ಣು ಕೆಲಸ ವಡ್ಡರ ಕೈಯದು. ಏರಿಗೆ ಎಷ್ಟು ಇಳಿಜಾರು ಕೊಡಬೇಕು, ಕೋಡಿ ಎಲ್ಲಿ ಬಿಡಬೇಕು, ತೂಬಿನ ಕಲ್ಲು ಹೇಗೆ ಕೂಡಿಸಬೇಕು ಎಂಬ ಅರಿವು ಸಾಹೇಬ ಬರುವ ಮೊದಲೇ ಇಲ್ಲಿತ್ತು. ಕೆಲಸಗಾರರಿದ್ದರೆ ಸಾಕೆ, ಯೋಜನೆ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಹಣ ಹೊಂದಿಸಿ, ಜನ ಸೇರಿಸಿ, ಮಟ್ಟ ಹಿಡಿದು, ಮಳೆ ಬರುವ ಮೊದಲು ಮುಗಿಸುವ ಯೋಜಕ ಇಲ್ಲದೆ ಹಳೆಯ ಕೆರೆ ಹೂಳಿನಲ್ಲೇ ಉಳಿಯುತ್ತಿತ್ತು, ಟೇಲರ್‌ಗೆ ಆ ಶ್ರೇಯಸ್ಸು ಸಲ್ಲಬೇಕು. ಆದರೆ ಸಾಹೇಬರು ಕಟ್ಟಿದ್ದು ಎಂಬ ಒಂದೇ ವಾಕ್ಯದಲ್ಲಿ ನಾಯಕರ ಅಡಿಪಾಯ, ವಡ್ಡರ ಕೈ, ಟೇಲರನ ಲೆಕ್ಕ ಮೂರನ್ನೂ ತುರುಕಿದರೆ ಕೊನೆಯದೊಂದೇ ಹೊರಗೆ ಕಾಣುತ್ತದೆ.

ಹಳೆಯದೆಲ್ಲ ಗಟ್ಟಿ ಎಂಬ ಮೂಲ ನಂಬಿಕೆ ಇನ್ನೂ ಉಳಿದಿದೆ. ಇದರ ದೋಷ ಸರಳ: ಬಿದ್ದುಹೋದದ್ದು ಕಣ್ಣಿಗೆ ಬೀಳುವುದಿಲ್ಲ. 1867ರಲ್ಲಿ ಬೋರ್ ಘಾಟಿನಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಲ್ಲಿನ ಮೇಲ್ಸೇತುವೆಯೊಂದು ಕುಸಿದುಬಿತ್ತು. ಸೊಲ್ಲಾಪುರ, ಕಲಬುರಗಿ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲನ್ನು ಕೂಡಿಕೊಂಡದ್ದು ಅದೇ ಕಂಪನಿಯ ಹಳಿ. ಅದನ್ನು ಹಾಕಿಸಿದವರು ಬಹುತೇಕ ಸೈನ್ಯದವರೇ ಅಲ್ಲ, ಕಂಪನಿಯ ನಾಗರಿಕ ಇಂಜಿನಿಯರುಗಳು ಮತ್ತು ಗುತ್ತಿಗೆದಾರರು. ತುಂಗಭದ್ರೆಯ ನೀರನ್ನು ಕರ್ನೂಲಿನಿಂದ ಕಡಪಕ್ಕೆ ಒಯ್ಯಲು ಹೊರಟ ಮದ್ರಾಸ್ ನೀರಾವರಿ ಕಂಪನಿ ನಷ್ಟದಲ್ಲಿ ಮುಳುಗಿ, 1882ರಲ್ಲಿ ಸರಕಾರ ಆ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ಆ ಕಾಲದ ಕಳಪೆ ಕೆಲಸಗಳು ಆ ಕಾಲದ ಮಳೆಗಾಲಗಳಲ್ಲಿಯೇ ಕೊಚ್ಚಿಹೋದವು. ಉಳಿದ ಒಳ್ಳೆಯವನ್ನಷ್ಟೇ ನಾವು ಇಂದು ನಿನ್ನೆಯ ರಸ್ತೆಯ ಪಕ್ಕ ನಿಲ್ಲಿಸಿ ತೂಗುತ್ತಿದ್ದೇವೆ. ಇಂದಿನ ಕಳಪೆ ಕಾಮಗಾರಿಗೆ ಇದರಿಂದ ಕ್ಷಮೆ ಸಿಗುವುದಿಲ್ಲ. ಹೋಲಿಕೆ ಸರಿಯಾಗಿರಬೇಕಾದರೆ ಅಂದಿನ ಎಲ್ಲವನ್ನೂ ಇಂದಿನ ಎಲ್ಲದರ ಜೊತೆ ಇಡಬೇಕು, ಅಷ್ಟೇ.

ಕೊನೆಯ ಆಕ್ಷೇಪ ಪದಕ ಸಂಗ್ರಾಹಕರದು. ಹಾಗಾದರೆ ಈ ಬೆಳ್ಳಿಯ ಬಿಲ್ಲೆಗೆ ಚರಿತ್ರೆಯಲ್ಲಿ ಬೆಲೆಯೇ ಇಲ್ಲವೇ ಎಂದು ಅವರು ಕೇಳಬಹುದು. ಇದೆ, ನಾವು ಹುಡುಕುವ ಬದಿಯಲ್ಲಿಲ್ಲ ಅಷ್ಟೆ. ಹಿಂಭಾಗದ ಬರಹ ಧಣಿಯ ಅಭಿಪ್ರಾಯ; ಅದನ್ನು ಅಷ್ಟರ ಮಟ್ಟಿಗೇ ಓದಬೇಕು. ಅಂಚಿನ ಬರಹ ಹಾಗಲ್ಲ. ಟೇಲರ್‌ನಂಥವನಿಗೆ ಆತ್ಮಕಥೆಯಿತ್ತು, ಅವನು ಸತ್ತ ಮರುವರ್ಷ 1877ರಲ್ಲಿ ಅದು ಅಚ್ಚಾಯಿತು. ಕಾದಂಬರಿಗಳಿದ್ದವು, ನಕ್ಷೆಗಳಿದ್ದವು, ಸರಕಾರದ ಪತ್ರಗಳಿದ್ದವು. ಸ್ಯಾಪರ್‌ಗೆ ಇವು ಯಾವುವೂ ಇರಲಿಲ್ಲ. ಓದು ಬರಹ ಬಾರದ ಎಷ್ಟೋ ಸೈನಿಕರ ಹೆಸರು, ಸಂಖ್ಯೆ, ಪಡೆ ಒಟ್ಟಿಗೆ ಸಿಗುವ ಗಟ್ಟಿ ವಸ್ತು ಅದೊಂದೇ ಆಗಿರಬಹುದು; ಆ ಸಂಖ್ಯೆಯನ್ನು ಹಿಡಿದು ಪಡೆಯ ಪಟ್ಟಿಗೆ, ಪಟ್ಟಿಯಿಂದ ಅವನು ಹೋದ ದಂಡಯಾತ್ರೆಗೆ, ಅಲ್ಲಿಂದ ಆ ತುಕಡಿ ಹಾಕಿದ ರಸ್ತೆಗೆ ಹೋಗಲು ದಾರಿಯಿದೆ. ಕೆಲಸದ ಗುಣ ತಿಳಿಯುವುದು ಆ ರಸ್ತೆಗೆ ತಲುಪಿದ ಮೇಲೆ, ಅದನ್ನು ಅಳೆದ ಮೇಲೆ. ಜೇವರ್ಗಿಯಲ್ಲಿ ಟೇಲರ್‌ಗಾಗಿ ಗುದ್ದಲಿ ಹಿಡಿದವರ ವಿಷಯದಲ್ಲಿ ಈ ಮೊದಲ ಹೆಜ್ಜೆಯೂ ಇಲ್ಲ. ಅವರು ಸೈನ್ಯದ ಪಟ್ಟಿಯಲ್ಲಿ ಇದ್ದವರಲ್ಲ, ಅವರಿಗೆ ಯಾವ ಪದಕದ ನಿಯಮವೂ ಅನ್ವಯಿಸುತ್ತಿರಲಿಲ್ಲ.